ಮೂವತ್ತು ದಾಟಿದ ಹಾಕಿ ಸ್ಟಾರ್‌ಗೆ ಏಳೆಂಟು ವರ್ಷದ ಕಾಂಟ್ರ್ಯಾಕ್ಟ್ ಬೇಕಾ?

ಮಿನೆಸೋಟಾದಿಂದ ಶುರು ಮಾಡುತ್ತೇನೆ. 2012ರ ಜುಲೈ 4. ಅಮೆರಿಕದಲ್ಲಿ ಸ್ವಾತಂತ್ರ್ಯ ದಿನ. ಅವತ್ತು ಮಿನೆಸೋಟಾ ವೈಲ್ಡ್ ತಂಡ ಒಂದೇ ಏಟಿಗೆ ಇಬ್ಬರನ್ನು ಹಿಡಿದು ತಂದಿತು. ಒಬ್ಬರು ಜ್ಯಾಕ್ ಪರೀಸೆ, ಇನ್ನೊಬ್ಬರು ರಯಾನ್ ಸೂಟರ್. ಇಬ್ಬರಿಗೂ 27 ವರ್ಷ. ಇಬ್ಬರಿಗೂ ಒಂದೇ ಕಾಂಟ್ರ್ಯಾಕ್ಟ್: 13 ವರ್ಷ, 9.8 ಕೋಟಿ ಡಾಲರ್. ಪರೀಸೆ ಅಲ್ಲೇ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದವರು, ಅವರ ಅಪ್ಪ ಕೂಡ ಅದೇ ಊರಿನ ಹಳೆಯ ತಂಡಕ್ಕೆ ಆಡಿದವರು. ಊರಿನವರಿಗೆ ಹಬ್ಬ.

ಆ ಕಾಂಟ್ರ್ಯಾಕ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲ ವರ್ಷ 1.2 ಕೋಟಿ ಡಾಲರ್, ಎರಡನೇ ವರ್ಷವೂ ಅಷ್ಟೇ, ಮೂರನೇ ವರ್ಷ 1.1 ಕೋಟಿ. ಆಮೇಲೆ ಐದು ವರ್ಷ 90 ಲಕ್ಷದಂತೆ. ಕೊನೆಕೊನೆಗೆ 20 ಲಕ್ಷ, 10 ಲಕ್ಷ, 10 ಲಕ್ಷ. ಅಂದರೆ 38, 39, 40ನೇ ವಯಸ್ಸಿನಲ್ಲಿ ಆ ಆಟಗಾರ ಅಷ್ಟು ಕಡಿಮೆ ಸಂಬಳಕ್ಕೆ ಆಡುತ್ತಾನೆ ಅಂತ ಕಾಗದದ ಮೇಲೆ ಬರೆದದ್ದು. ಆಡುತ್ತಾನೆ ಅಂತ ಸಹಿ ಮಾಡಿದ ಯಾರಾದರೂ ನಂಬಿದ್ದರು ಅಂತ ನನಗೆ ಅನಿಸುವುದಿಲ್ಲ. ಆ ಕೊನೆಯ ವರ್ಷಗಳು ಅಲ್ಲಿದ್ದದ್ದು ಬೇರೆ ಕಾರಣಕ್ಕೆ. ಅದಕ್ಕೆ ಈಗ ಬರುತ್ತೇನೆ.

ಹಾಕಿ ಅಂದ ತಕ್ಷಣ ನಿಮ್ಮಲ್ಲಿ ಕೆಲವರಿಗೆ ಕೊಡಗಿನ ಹಾಕಿ ನೆನಪಿಗೆ ಬರುತ್ತದೆ. ನಾನು ಮಾತಾಡುತ್ತಿರುವುದು ಐಸ್ ಹಾಕಿ, ಅಮೆರಿಕ ಮತ್ತು ಕೆನಡಾ ತಂಡಗಳು ಆಡುವ ಎನ್‌ಎಚ್‌ಎಲ್ ಲೀಗ್. ಇಲ್ಲಿ ಟೊರೊಂಟೊದಲ್ಲಿ ಇಷ್ಟು ವರ್ಷ ಇದ್ದ ಮೇಲೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹಣದ ಲೆಕ್ಕ ಒಂದು ಸಲ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ.

2004–05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಇಡೀ ಸೀಸನ್ ರದ್ದಾಯಿತು. ಅದಾದ ಮೇಲೆ ಬಂದದ್ದೇ ಸ್ಯಾಲರಿ ಕ್ಯಾಪ್. ಒಂದು ತಂಡ ಒಂದು ವರ್ಷಕ್ಕೆ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬಹುದು, ಅದಕ್ಕಿಂತ ಒಂದು ಡಾಲರ್ ಜಾಸ್ತಿ ಇಲ್ಲ. ಮೊದಲ ವರ್ಷ ಅದು 3.9 ಕೋಟಿ ಡಾಲರ್ ಇತ್ತು. 2025–26ಕ್ಕೆ 9.55 ಕೋಟಿ. ನಮ್ಮ ಐಪಿಎಲ್‌ನಲ್ಲಿ ಪರ್ಸ್ ಅಂತಾರಲ್ಲ, ಅದೇ. 2025ಕ್ಕೆ ಒಂದು ತಂಡಕ್ಕೆ 120 ಕೋಟಿ ರೂಪಾಯಿ ಪರ್ಸ್, ಅದರಲ್ಲಿ ಆರ್‌ಸಿಬಿ ಕೊಹ್ಲಿಗೆ 21 ಕೋಟಿ ಇಟ್ಟಿತು. 36ರ ಆಟಗಾರನಿಗೆ ಆರನೇ ಒಂದು ಭಾಗಕ್ಕಿಂತ ಜಾಸ್ತಿ! ಅವರು 657 ರನ್ ಹೊಡೆದರು, ಆರ್‌ಸಿಬಿ ಕಪ್ ಗೆದ್ದಿತು, ಯಾರೂ ಪ್ರಶ್ನೆ ಕೇಳಲಿಲ್ಲ. ಆದರೆ ಮುಖ್ಯ ವ್ಯತ್ಯಾಸ ಗಮನಿಸಿ. ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬರುತ್ತದೆ, ಲೆಕ್ಕವೆಲ್ಲ ಹೊಸದಾಗಿ ಶುರುವಾಗುತ್ತದೆ. ಎನ್‌ಎಚ್‌ಎಲ್‌ನಲ್ಲಿ ಹಾಗಿಲ್ಲ. 36ರಲ್ಲಿ ಕೊಟ್ಟ ಮಾತು 41ರವರೆಗೂ ಬೆನ್ನು ಬಿಡುವುದಿಲ್ಲ.

ಇನ್ನೊಂದು ವಿಷಯ. ಕ್ಯಾಪ್ ಲೆಕ್ಕಕ್ಕೆ ಹಿಡಿಯುವುದು ಆ ವರ್ಷ ಕೈಗೆ ಕೊಟ್ಟ ಸಂಬಳವನ್ನಲ್ಲ, ಇಡೀ ಕಾಂಟ್ರ್ಯಾಕ್ಟಿನ ಸರಾಸರಿಯನ್ನು. ಪರೀಸೆಗೆ 1.2 ಕೋಟಿ ಕೊಟ್ಟ ವರ್ಷವೂ ಲೆಕ್ಕಕ್ಕೆ ಬಂದದ್ದು 75 ಲಕ್ಷದ ಚಿಲ್ಲರೆ ಮಾತ್ರ. ಕೊನೆಯ ಆ 10 ಲಕ್ಷದ ವರ್ಷಗಳು ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತಲ್ವಾ? ಸರಾಸರಿ ಇಳಿಸುವುದಕ್ಕೆ.

ಈ ಉಪಾಯ ಮಿನೆಸೋಟಾ ಕಂಡುಹಿಡಿದದ್ದಲ್ಲ. 2010ರಲ್ಲಿ ನ್ಯೂಜೆರ್ಸಿ ಡೆವಿಲ್ಸ್ ಇಲ್ಯಾ ಕೊವಲ್‌ಚುಕ್‌ಗೆ 17 ವರ್ಷ, 10.2 ಕೋಟಿ ಡಾಲರ್ ಬರೆದುಕೊಟ್ಟಿತು. ಇದು ಕ್ಯಾಪಿಗೆ ಮಾಡಿದ ಮೋಸ ಅಂತ ಲೀಗ್ ತಿರಸ್ಕರಿಸಿತು, ಮಧ್ಯಸ್ಥಗಾರರೂ ಲೀಗ್ ಪರವಾಗಿ ತೀರ್ಪು ಕೊಟ್ಟರು. ಕೊನೆಗೆ 15 ವರ್ಷಕ್ಕೆ 10 ಕೋಟಿ ಅಂತ ಆಯಿತು. ಮೂರೇ ವರ್ಷ. 2013ರಲ್ಲಿ ಕೊವಲ್‌ಚುಕ್ ಎನ್‌ಎಚ್‌ಎಲ್‌ನಿಂದ ನಿವೃತ್ತಿ ಅಂತ ಹೇಳಿ ರಷ್ಯಾಕ್ಕೆ ಹೋಗಿ ಆಡತೊಡಗಿದರು, ಇನ್ನೂ 12 ವರ್ಷ, 7.7 ಕೋಟಿ ಡಾಲರ್ ಬಾಕಿ ಇರುವಾಗ.

ಅದೇ ವರ್ಷ ಹೊಸ ನಿಯಮ ಬಂತು. ತನ್ನದೇ ಆಟಗಾರನಿಗೆ ಗರಿಷ್ಠ 8 ವರ್ಷ, ಬೇರೆ ಕಡೆಯಿಂದ ಬರುವವರಿಗೆ 7. ಜೊತೆಗೆ, ಹಳೆಯ ಉದ್ದನೆಯ ಕಾಂಟ್ರ್ಯಾಕ್ಟ್ ಇರುವವರು ಮಧ್ಯದಲ್ಲೇ ನಿವೃತ್ತರಾದರೆ ತಂಡ ಹಿಂದೆ ಉಳಿಸಿಕೊಂಡ ಲಾಭವನ್ನು ವಾಪಸ್ ಕಟ್ಟಬೇಕು. ಇದರ ಬಿಸಿ ಸರಿಯಾಗಿ ತಟ್ಟಿದ್ದು ವ್ಯಾಂಕೂವರ್‌ಗೆ. ಗೋಲಿ, ಅಂದರೆ ಗೋಲ್‌ಕೀಪರ್, ರೊಬೆರ್ಟೊ ಲುವಾಂಗೊಗೆ ಅವರು 12 ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟಿದ್ದರು. 2014ರಲ್ಲಿ ಫ್ಲೋರಿಡಾಕ್ಕೆ ಕಳಿಸಿದರು. 2019ರಲ್ಲಿ ಲುವಾಂಗೊ ನಿವೃತ್ತರಾದಾಗ, ಐದು ವರ್ಷದಿಂದ ತಮ್ಮ ತಂಡದಲ್ಲೇ ಇಲ್ಲದ ಆಟಗಾರನಿಗಾಗಿ ವ್ಯಾಂಕೂವರ್‌ನ ಕ್ಯಾಪ್‌ನಿಂದ ವರ್ಷಕ್ಕೆ 30 ಲಕ್ಷ ಡಾಲರ್‌ನಂತೆ ಮೂರು ವರ್ಷ ಕಡಿತವಾಯಿತು.

ಸರಿ, ಅದು ಹಳೆಯ ಕಾಲದ ಕಳ್ಳದಾರಿ, ಈಗ ಮುಚ್ಚಿದೆ ಅಂತ ನೀವು ಹೇಳಬಹುದು. ನನ್ನ ಮುಖ್ಯ ಮಾತು ಇಲ್ಲಿಂದ ಶುರು. ದಾರಿ ಮುಚ್ಚಿದ ಮೇಲೂ ತಂಡಗಳು ಅದೇ ತಪ್ಪು ಮಾಡುತ್ತಾ ಬಂದಿವೆ, ಮತ್ತು ಅದಕ್ಕೆ ಕಾರಣ ಮ್ಯಾನೇಜರ್‌ಗಳು ದಡ್ಡರು ಅಂತಲ್ಲ.

ಎನ್‌ಎಚ್‌ಎಲ್‌ನಲ್ಲಿ ಆಟಗಾರ ತನಗೆ ಬೇಕಾದ ತಂಡಕ್ಕೆ ಸ್ವತಂತ್ರವಾಗಿ ಹೋಗಲು ಸಾಮಾನ್ಯವಾಗಿ 27 ವರ್ಷ ಆಗಬೇಕು, ಇಲ್ಲವೇ ಏಳು ಸೀಸನ್ ಆಡಿರಬೇಕು. ಅಲ್ಲಿಯವರೆಗೆ ಅವನ ಹಕ್ಕು ತಂಡದ ಕೈಯಲ್ಲಿ. 18ರಲ್ಲಿ ಬಂದ ಹುಡುಗನಿಗೆ ಮೊದಲ ಮೂರು ವರ್ಷ ಮೂಲ ಸಂಬಳಕ್ಕೆ ಮಿತಿ ಇರುತ್ತದೆ, 40 ಗೋಲು ಹೊಡೆದರೂ ಅಷ್ಟೇ. ಈಗ ಇನ್ನೊಂದು ಕಡೆ ನೋಡಿ. ಫಾರ್ವರ್ಡ್ ಆಡುವವರ ಅತ್ಯುತ್ತಮ ವರ್ಷಗಳು ಇಪ್ಪತ್ತರ ಮಧ್ಯದಿಂದ ಇಪ್ಪತ್ತೇಳು ಇಪ್ಪತ್ತೆಂಟರವರೆಗೆ. ಮೂವತ್ತು ದಾಟಿದ ಮೇಲೆ ಇಳಿಜಾರು. ಡಿಫೆನ್ಸ್‌ನವರಿಗೆ, ಗೋಲಿಗಳಿಗೆ ಸ್ವಲ್ಪ ತಡವಾಗಿ ಬರುತ್ತದೆ, ಆದರೆ ಬಂದೇ ಬರುತ್ತದೆ. ಅಂದರೆ ಆಟಗಾರ ಮಾರುಕಟ್ಟೆಗೆ ಬರುವ ಹೊತ್ತಿಗೆ ಅವನ ಒಳ್ಳೆಯ ಆಟ ಹೆಚ್ಚುಕಡಿಮೆ ಮುಗಿಯುತ್ತಾ ಬಂದಿರುತ್ತದೆ! ಚೆನ್ನಾಗಿ ಆಡುವಾಗ ಕಡಿಮೆ ಸಂಬಳ, ಆಟ ಇಳಿಯುವಾಗ ದೊಡ್ಡ ಸಂಬಳ. ಹಿಂದಿನ ದುಡಿಮೆಯ ಬಾಕಿ ಕೂಲಿ ಅದು. ಆಟಗಾರನ ಕಡೆಯಿಂದ ನೋಡಿದರೆ ನೂರಕ್ಕೆ ನೂರು ನ್ಯಾಯ. ಆದರೆ ಆ ಬಾಕಿ ಕಟ್ಟುವವರು ಯಾರು? ದುಡಿಸಿಕೊಂಡ ತಂಡವಲ್ಲ, ಬೇರೆ ಯಾವುದೋ ತಂಡ. ಎಡವಟ್ಟು ಇರುವುದು ಇಲ್ಲೇ.

ಜುಲೈ 1 ನಮಗೆ ಕೆನಡಾ ಡೇ. ಎನ್‌ಎಚ್‌ಎಲ್‌ನಲ್ಲಿ ಅದೇ ದಿನ ಫ್ರೀ ಏಜೆಂಟ್ ಸಂತೆ, ಅಂದರೆ ಹೀಗೆ ಸ್ವತಂತ್ರರಾದ ಆಟಗಾರರು ಬೇರೆ ತಂಡಗಳ ಜೊತೆ ಸಹಿ ಮಾಡುವ ದಿನ. 2016ರ ಸಂತೆಯನ್ನು ನಾನು ಯಾವತ್ತೂ ಮರೆಯುವುದಿಲ್ಲ, ಯಾಕೆಂದರೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುವುದಿಲ್ಲ. ಒಂದೇ ದಿನ ಮಿಲಾನ್ ಲುಚಿಚ್‌ಗೆ ಎಡ್ಮಂಟನ್ 7 ವರ್ಷ 4.2 ಕೋಟಿ, ಕೈಲ್ ಒಪೋಸೋಗೆ ಬಫಲೊ 7 ವರ್ಷ 4.2 ಕೋಟಿ, ಆಂಡ್ರೂ ಲ್ಯಾಡ್‌ಗೆ ಐಲ್ಯಾಂಡರ್ಸ್ 7 ವರ್ಷ 3.85 ಕೋಟಿ, 32 ವರ್ಷದ ಡೇವಿಡ್ ಬ್ಯಾಕಸ್‌ಗೆ ಬಾಸ್ಟನ್ 5 ವರ್ಷ 3 ಕೋಟಿ. ಎಲ್ಲವೂ ಡಾಲರ್. ಮತ್ತೆ ಲೂಯಿ ಎರಿಕ್ಸನ್‌ಗೆ ವ್ಯಾಂಕೂವರ್ 6 ವರ್ಷ 3.6 ಕೋಟಿ.

ಎರಿಕ್ಸನ್ ಕತೆ ಪೂರ್ತಿ ಕೇಳಿ. ಹಿಂದಿನ ವರ್ಷ ಬಾಸ್ಟನ್‌ನಲ್ಲಿ 30 ಗೋಲು. ವ್ಯಾಂಕೂವರ್‌ಗೆ ಬಂದ ಮೊದಲ ವರ್ಷ 11. ಆಮೇಲೆ ಮೇಲೆ ಏಳಲೇ ಇಲ್ಲ. 2021ರಲ್ಲಿ ಇವರನ್ನೂ ಇನ್ನಿಬ್ಬರ ಭಾರದ ಕಾಂಟ್ರ್ಯಾಕ್ಟನ್ನೂ ಕಳೆದುಕೊಳ್ಳಲು ವ್ಯಾಂಕೂವರ್ ತನ್ನ ಆ ವರ್ಷದ ಒಂಬತ್ತನೇ ಡ್ರಾಫ್ಟ್ ಸ್ಥಾನವನ್ನು (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಸೇರಿಸಿ ಅರಿಜೋನಾಕ್ಕೆ ಕೊಟ್ಟಿತು. ಬದಲಿಗೆ ಬಂದವರಲ್ಲಿ ಒಬ್ಬರು ಆಲಿವರ್ ಎಕ್ಮನ್-ಲಾರ್ಸನ್. ಅವರಿಗೂ ಉದ್ದನೆಯ ಕಾಂಟ್ರ್ಯಾಕ್ಟ್, 2027ರವರೆಗೆ, ವಯಸ್ಸು 30. ಒಂದು ಹಳೆಯ ಭಾರ ಇಳಿಸಿ ಇನ್ನೊಂದನ್ನು ಹೊತ್ತುಕೊಂಡರು. ಎರಡೇ ವರ್ಷಕ್ಕೆ, 2023ರಲ್ಲಿ, ಅವರನ್ನೂ ಬೈಔಟ್ ಮಾಡಿದರು. ಬೈಔಟ್ ಅಂದರೆ ಬಾಕಿ ಸಂಬಳದ ಮೂರನೇ ಎರಡು ಭಾಗವನ್ನು ಉಳಿದ ವರ್ಷಗಳ ದುಪ್ಪಟ್ಟು ಕಾಲದಲ್ಲಿ ಕಟ್ಟಿಕೊಂಡು ಮನೆಗೆ ಕಳಿಸುವುದು. ನಾಲ್ಕು ವರ್ಷ ಬಾಕಿ ಇತ್ತು, ಹಾಗಾಗಿ ಎಂಟು ವರ್ಷ ಕಂತು. 2016ರಲ್ಲಿ ಒಬ್ಬ ಮೂವತ್ತರ ಆಟಗಾರನಿಗೆ ಮಾಡಿದ ಸಹಿಯ ಎಳೆ 2031ರವರೆಗೂ ಆ ತಂಡದ ಲೆಕ್ಕದಲ್ಲಿ ಓಡುತ್ತಲೇ ಇರುತ್ತದೆ.

ಎಕ್ಮನ್-ಲಾರ್ಸನ್ ಆಮೇಲೆ ಏನಾದರು ಗೊತ್ತಾ? ಫ್ಲೋರಿಡಾ ಅವರನ್ನು ಒಂದೇ ವರ್ಷಕ್ಕೆ 22.5 ಲಕ್ಷ ಡಾಲರ್‌ಗೆ ತೆಗೆದುಕೊಂಡಿತು. 2024ರ ಸ್ಟ್ಯಾನ್ಲಿ ಕಪ್, ಅಂದರೆ ಲೀಗ್‌ನ ಚಾಂಪಿಯನ್ ಪಟ್ಟ, ಗೆದ್ದಿತು. ಅಲ್ಲಿಂದ ನಮ್ಮ ಟೊರೊಂಟೊ ತಂಡ ಲೀಫ್ಸ್‌ಗೆ ಬಂದರು. ಅದೇ ಆಟಗಾರ, ಅದೇ ಕಾಲು. ವರ್ಷಕ್ಕೆ 80 ಲಕ್ಷಕ್ಕಿಂತ ಜಾಸ್ತಿ ಅಂದಾಗ ತಲೆನೋವು, 22 ಲಕ್ಷ ಮತ್ತು ಒಂದು ವರ್ಷ ಅಂದಾಗ ಚಿನ್ನ. ಅದಕ್ಕೇ ನಾನು ಹೇಳುವುದು: ವಯಸ್ಸಾದ ಆಟಗಾರ ಬೇಡ ಅಂತಲ್ಲ. ವರ್ಷಗಳನ್ನು ಜಾಸ್ತಿ ಕೊಡಬೇಡಿ.

ಮಿನೆಸೋಟಾಕ್ಕೆ ವಾಪಸ್ ಹೋಗೋಣ. ಒಂಬತ್ತು ಸೀಸನ್ ಆದ ಮೇಲೆ, 2021ರಲ್ಲಿ, ಪರೀಸೆ ಮತ್ತು ಸೂಟರ್ ಇಬ್ಬರನ್ನೂ ಒಂದೇ ದಿನ ಬೈಔಟ್ ಮಾಡಿದರು. ಆ ಒಂಬತ್ತು ವರ್ಷದಲ್ಲಿ ತಂಡ ಎರಡನೇ ಸುತ್ತು ದಾಟಲಿಲ್ಲ. ಆಮೇಲೆ ಬಿಲ್ ಬಂತು. 2023–24 ಮತ್ತು 2024–25ರಲ್ಲಿ, ತಂಡದಲ್ಲೇ ಇಲ್ಲದ ಈ ಇಬ್ಬರ ಹೆಸರಿನಲ್ಲಿ ವರ್ಷಕ್ಕೆ ಸುಮಾರು 1.47 ಕೋಟಿ ಡಾಲರ್ ಕ್ಯಾಪ್‌ನಿಂದ ಹೋಯಿತು. 2023–24ರ ಕ್ಯಾಪ್ 8.35 ಕೋಟಿ. ನೂರಕ್ಕೆ ಹದಿನೇಳು ರೂಪಾಯಿಗಿಂತ ಜಾಸ್ತಿ ಗಾಳಿಗೆ. ಈ ಬಿಕ್ಕಟ್ಟು ಕಣ್ಣೆದುರು ಇದ್ದದ್ದರಿಂದಲೇ 2022ರಲ್ಲಿ 85 ಪಾಯಿಂಟ್ (ಗೋಲು, ಅಸಿಸ್ಟ್ ಎರಡೂ ಸೇರಿ) ತಂದಿದ್ದ ಕೆವಿನ್ ಫಿಯಾಲಾರನ್ನು ಲಾಸ್ ಏಂಜಲೀಸ್‌ಗೆ ಮಾರಬೇಕಾಯಿತು. ಬದಲಿಗೆ ಬ್ರಾಕ್ ಫೇಬರ್ ಸಿಕ್ಕಿದ್ದು ಅವರ ಅದೃಷ್ಟ, ಒಳ್ಳೆಯ ಹುಡುಗ. ಆದರೆ ಅಂಥ ಅದೃಷ್ಟ ನಂಬಿಕೊಂಡು ತಂಡ ಕಟ್ಟಲಾಗುವುದಿಲ್ಲ.

ಇದಕ್ಕೆ ಒಂದು ಪ್ರತಿವಾದ ಇದೆ, ಅದು ಗಟ್ಟಿಯಾದ ವಾದ. ಕ್ಯಾಪ್ ಪ್ರತಿ ವರ್ಷ ಏರುತ್ತದೆ, ಹಾಗಾಗಿ ಇವತ್ತು ದುಬಾರಿ ಅನಿಸಿದ ಸಂಬಳ ಐದು ವರ್ಷದ ಮೇಲೆ ಅಗ್ಗ ಆಗುತ್ತದೆ ಅಂತ. ನಿಜ. ಕ್ಯಾಪ್ 2026–27ಕ್ಕೆ 10.4 ಕೋಟಿ, ಅದರ ಮುಂದಿನ ವರ್ಷಕ್ಕೆ 11.35 ಕೋಟಿ ಅಂತ ಲೀಗ್ ಮೊದಲೇ ಹೇಳಿದೆ. 2025–26ರಲ್ಲಿ 1 ಕೋಟಿ ಡಾಲರ್ ಆಟಗಾರ ಕ್ಯಾಪ್‌ನ ಹತ್ತು ಪರ್ಸೆಂಟ್ ದಾಟುತ್ತಾನೆ, 2027–28ರಲ್ಲಿ ಒಂಬತ್ತಕ್ಕೂ ಕಡಿಮೆ. ಆದರೆ ಕೋವಿಡ್ ಬಂದಾಗ ಏನಾಯಿತು? 8.15 ಕೋಟಿಯಲ್ಲಿ ಕ್ಯಾಪ್ ಮೂರು ಸೀಸನ್ ಅಲ್ಲಾಡಲಿಲ್ಲ. ಅದಾದ ಮೇಲೂ ಎರಡು ವರ್ಷ ಹತ್ತತ್ತು ಲಕ್ಷ ಮಾತ್ರ ಏರಿತು. ಏರುತ್ತದೆ ಅಂತ ನಂಬಿ ಸಹಿ ಮಾಡಿದವರೆಲ್ಲ ಸಿಕ್ಕಿಬಿದ್ದರು.

ಅದರಲ್ಲಿ ನಮ್ಮ ಊರಿನವರೂ ಒಬ್ಬರು. ಇಲ್ಲಿ ಮಿಸಿಸಾಗಾದವರು ಎಷ್ಟು ಜನ ಇದ್ದೀರಿ? ಜಾನ್ ಟವಾರೆಸ್ ಹುಟ್ಟಿದ್ದು ಅಲ್ಲೇ. 2018ರ ಜುಲೈ 1ಕ್ಕೆ ಲೀಫ್ಸ್‌ಗೆ ಬಂದಾಗ, ಚಿಕ್ಕಂದಿನಲ್ಲಿ ಲೀಫ್ಸ್ ಚಿತ್ರದ ಹಾಸಿಗೆಯಲ್ಲಿ ಮಲಗಿದ್ದ ತಮ್ಮದೊಂದು ಫೋಟೊ ಹಾಕಿದ್ದರು. ಇಡೀ ಊರು ಕರಗಿಹೋಯಿತು. 27 ವರ್ಷ, 7 ವರ್ಷದ ಕಾಂಟ್ರ್ಯಾಕ್ಟ್, 7.7 ಕೋಟಿ, ವರ್ಷಕ್ಕೆ 1.1 ಕೋಟಿ ಡಾಲರ್. ಆಗಿನ ಕ್ಯಾಪ್‌ನ ಸುಮಾರು ಹದಿನಾಲ್ಕು ಪರ್ಸೆಂಟ್ ಒಬ್ಬರಿಗೇ. ಎರಡು ವರ್ಷಕ್ಕೆ ಕ್ಯಾಪ್ ನಿಂತುಹೋಯಿತು. ಆ ಮೇಲೆ ಪ್ರತಿ ವರ್ಷ ಪ್ಲೇಆಫ್‌ನಲ್ಲಿ ಸೋತಾಗಲೆಲ್ಲ ಟವಾರೆಸ್ ಸಂಬಳದ ಮಾತೇ. ಅವರು ಕೆಟ್ಟದಾಗಿ ಆಡಲಿಲ್ಲ ಸ್ವಾಮಿ! 2004ರಿಂದ ಒಂದು ಸುತ್ತೂ ಗೆಲ್ಲದ ತಂಡಕ್ಕೆ 2023ರಲ್ಲಿ ಟ್ಯಾಂಪಾ ಮೇಲೆ ಓವರ್‌ಟೈಮ್‌ನಲ್ಲಿ ಗೋಲು ಹೊಡೆದು ಸುತ್ತು ಗೆಲ್ಲಿಸಿದ್ದು ಅವರೇ. ಆದರೆ ಅವರಿಗೆ ಕೊಟ್ಟ ಹಣದಿಂದಾಗಿ ಮೂರನೇ, ನಾಲ್ಕನೇ ಸಾಲಿಗೆ ಒಳ್ಳೆಯವರನ್ನು ತರಲು ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

2025ರ ಜೂನ್‌ನಲ್ಲಿ ಆ ಕಾಂಟ್ರ್ಯಾಕ್ಟ್ ಮುಗಿಯುವ ಹೊತ್ತಿಗೆ ಟವಾರೆಸ್‌ಗೆ 34. ಆ ಸೀಸನ್ 38 ಗೋಲು. ಹೊರಗೆ ಹೋದರೆ ಜಾಸ್ತಿ ಸಿಗುವ ಸಾಧ್ಯತೆ ಇತ್ತು. ಅವರು ಇಲ್ಲೇ ಉಳಿದರು, 4 ವರ್ಷಕ್ಕೆ, ವರ್ಷಕ್ಕೆ 43.8 ಲಕ್ಷ ಡಾಲರ್‌ಗೆ. ಕ್ಯಾಪ್‌ನ ಐದು ಪರ್ಸೆಂಟಿಗಿಂತ ಕಡಿಮೆ. ನಾಲ್ಕು ವರ್ಷ ನನಗೆ ಇನ್ನೂ ಒಂದೆರಡು ಜಾಸ್ತಿಯೇ ಅನಿಸುತ್ತದೆ, ಆದರೆ ಆ ಸಂಬಳಕ್ಕೆ 37ರಲ್ಲಿ ಆಟ ಇಳಿದರೂ ತಂಡ ಮುಳುಗುವುದಿಲ್ಲ. ವಯಸ್ಸಾದ ಸ್ಟಾರ್ ಜೊತೆ ಒಪ್ಪಂದ ಹೇಗಿರಬೇಕು ಅನ್ನುವುದಕ್ಕೆ ಇದು ಒಳ್ಳೆಯ ಮಾದರಿ.

ಇಷ್ಟೆಲ್ಲ ಹೇಳಿದ ಮೇಲೆ ವಾಷಿಂಗ್ಟನ್ ತಂಡದ ಗೋಲು ಸರದಾರ ಒವೆಚ್ಕಿನ್ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ. 2021ರಲ್ಲಿ, 36ಕ್ಕೆ ಕಾಲಿಡುವ ಹೊತ್ತಿಗೆ, ವಾಷಿಂಗ್ಟನ್ ಅವರಿಗೆ 5 ವರ್ಷ 4.75 ಕೋಟಿ ಕೊಟ್ಟಿತು. ಆಗ 730 ಗೋಲು ಆಗಿತ್ತು, ಲೀಗ್‌ನಲ್ಲಿ ಅತಿ ಹೆಚ್ಚು ಗೋಲಿನ ದಾಖಲೆ ಹಳೆಯ ಆಟಗಾರ ಗ್ರೆಟ್ಸ್‌ಕಿಯದು, 894. ಅವರು ಮುಂದಿನ ನಾಲ್ಕು ಸೀಸನ್‌ನಲ್ಲಿ 50, 42, 31, 44 ಹೊಡೆದರು. ಕೊನೆಯ ಆ 44 ಬಂದದ್ದು 39ನೇ ವಯಸ್ಸಿನಲ್ಲಿ, ಅದೂ ಮಧ್ಯೆ ಕಾಲಿನ ಮೂಳೆ ಮುರಿದು ಹೊರಗೆ ಕೂತು ಬಂದ ಮೇಲೆ. 2025ರ ಏಪ್ರಿಲ್ 6ಕ್ಕೆ 895. ಆಟ ಅಲ್ಲೇ ನಿಲ್ಲಿಸಿ ಗ್ರೆಟ್ಸ್‌ಕಿಯೇ ಬಂದು ಕೈಕುಲುಕಿದರು.

ಕೊಟ್ಟ ಹಣಕ್ಕೆ ಸರಿಯಾಯಿತಾ? ನನ್ನ ಉತ್ತರ, ಹೌದು. ಆದರೆ ಯಾಕೆ ಅಂತ ಸರಿಯಾಗಿ ಹೇಳಬೇಕು. ಆ ನಾಲ್ಕು ವರ್ಷದಲ್ಲಿ ವಾಷಿಂಗ್ಟನ್ ಗೆದ್ದದ್ದು ಒಂದೇ ಪ್ಲೇಆಫ್ ಸುತ್ತು. ಕಪ್ ಗೆಲ್ಲುವುದಕ್ಕೆ ಮಾತ್ರ ಅಂತ ಲೆಕ್ಕ ಹಾಕಿದರೆ ಹಣ ದಂಡ. ಅವರು ಅದಕ್ಕೆ ಕೊಡಲಿಲ್ಲ. 2018ರಲ್ಲಿ ತಮಗೆ ಮೊದಲ ಕಪ್ ತಂದುಕೊಟ್ಟ, 22ನೇ ವಯಸ್ಸಿನಿಂದ 13 ವರ್ಷದ ಕಾಂಟ್ರ್ಯಾಕ್ಟ್ ಪೂರ್ತಿ ಅಲ್ಲೇ ಆಡಿದ ಮನುಷ್ಯ ದಾಖಲೆಯನ್ನು ತಮ್ಮ ಅಂಗಿಯಲ್ಲೇ ಮುರಿಯಲಿ ಅಂತ ಕೊಟ್ಟರು. ಅದನ್ನು ಬಾಯಿಬಿಟ್ಟು ಹೇಳಿಯೇ ಕೊಟ್ಟರು, ಅಭಿಮಾನಿಗಳೂ ಒಪ್ಪಿದರು. ದುಡಿಸಿಕೊಂಡ ತಂಡವೇ ಬಾಕಿ ಕಟ್ಟಿತು. ನನಗೆ ಇದರಲ್ಲಿ ಯಾವ ತಕರಾರೂ ಇಲ್ಲ.

ದೇಹದ ವಿಷಯ ಹೇಳದೆ ಈ ಮಾತು ಪೂರ್ತಿಯಾಗುವುದಿಲ್ಲ. ಷಿಕಾಗೊದ ಬ್ರೆಂಟ್ ಸೀಬ್ರುಕ್ ಮೂರು ಕಪ್ ಗೆದ್ದವರು. 8 ವರ್ಷ 5.5 ಕೋಟಿಯ ಅವರ ಕಾಂಟ್ರ್ಯಾಕ್ಟ್ ಶುರುವಾದದ್ದು 31ರಲ್ಲಿ. 2019ರ ಡಿಸೆಂಬರ್‌ನಿಂದ ಕೆಲವೇ ವಾರಗಳಲ್ಲಿ ಭುಜಕ್ಕೊಂದು, ಎರಡೂ ಸೊಂಟದ ಕೀಲಿಗೆ ಒಂದೊಂದು ಆಪರೇಷನ್. ಮತ್ತೆ ಆಡಲಿಲ್ಲ. ಮಾಂಟ್ರಿಯಲ್‌ನ ಕ್ಯಾರಿ ಪ್ರೈಸ್‌ದು 8 ವರ್ಷ 8.4 ಕೋಟಿ, ಅದೂ 31ರಲ್ಲಿ ಶುರು. 2021ರಲ್ಲಿ ತಂಡವನ್ನು 1993ರ ನಂತರ ಮೊದಲ ಬಾರಿ ಫೈನಲ್‌ಗೆ ಒಯ್ದರು. ಮೊಣಕಾಲು ಹೋಯಿತು. ಆಮೇಲೆ ಆಡಿದ್ದು ಐದು ಪಂದ್ಯ. ಇಂಥವರನ್ನು ‘ಸುಮ್ನೆ ಕೂತು ಸಂಬಳ ತಿಂತಾರೆ’ ಅಂತ ಯಾರಾದರೂ ಬೈದಾಗ ನನಗೆ ಬಹಳ ಬೇಜಾರಾಗುತ್ತದೆ. ಆ ಕೀಲು, ಆ ಮೊಣಕಾಲು ಸವೆದದ್ದು ನಾವು ಚಪ್ಪಾಳೆ ಹೊಡೆದ ವರ್ಷಗಳಲ್ಲಿ. ತಂಡ ಸಹಿ ಮಾಡುವಾಗ ಇದು ಗೊತ್ತಿರಬೇಕು, 31ರಿಂದ 39ರವರೆಗೆ ಕೊಡುವ ಮಾತಿನಲ್ಲಿ ಅರ್ಧ ಆಸ್ಪತ್ರೆಯ ಪಾಲು.

ಬೇರೆ ದಾರಿ ಇದೆ, ಮತ್ತು ದೊಡ್ಡ ಆಟಗಾರರೇ ಅದನ್ನು ತೋರಿಸಿದ್ದಾರೆ. ಪ್ಯಾಟ್ರಿಸ್ ಬರ್ಜೆರಾನ್ ಕೊನೆಯ ಸೀಸನ್ ಬಾಸ್ಟನ್‌ಗೆ ಒಂದು ವರ್ಷದ 25 ಲಕ್ಷದ ಕಾಂಟ್ರ್ಯಾಕ್ಟಿನಲ್ಲಿ ಆಡಿದರು, ಅದೇ ವರ್ಷ ಡಿಫೆನ್ಸ್ ಚೆನ್ನಾಗಿ ಆಡುವ ಫಾರ್ವರ್ಡ್‌ಗೆ ಕೊಡುವ ಸೆಲ್ಕೆ ಟ್ರೋಫಿ ಆರನೇ ಸಲ ಗೆದ್ದರು. ಜೋ ಪವೆಲ್ಸ್‌ಕಿ 35ಕ್ಕೆ ಕಾಲಿಡುವ ಹೊತ್ತಿಗೆ ಡಲ್ಲಾಸ್‌ಗೆ ಮೂರೇ ವರ್ಷಕ್ಕೆ ಬಂದರು, 37ರಲ್ಲಿ 81 ಪಾಯಿಂಟ್ ತಂದರು, ಆಮೇಲೆ ವರ್ಷ ವರ್ಷಕ್ಕೆ ಸಹಿ. ಪಿಟ್ಸ್‌ಬರ್ಗ್‌ನ ಸಿಡ್ನಿ ಕ್ರಾಸ್ಬಿ 2024ರಲ್ಲಿ ಕೇಳಿದ್ದು ಎರಡೇ ವರ್ಷ, ಅದೂ ಹಳೆಯ 87 ಲಕ್ಷಕ್ಕೇ. ಎರಡು ವರ್ಷ ಅಂದಾಗ ತಂಡ ವರ್ಷಕ್ಕೆ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ತಪ್ಪಾದರೂ ಬೇಗ ಮುಗಿಯುತ್ತದೆ.

ಹಾಗಾದರೆ 2025ರ ಜುಲೈನಲ್ಲಿ ಫ್ಲೋರಿಡಾ ಬ್ರ್ಯಾಡ್ ಮಾರ್ಷಂಡ್‌ಗೆ ಕೊಟ್ಟದ್ದು ಏನು? ವಯಸ್ಸು 37, ಕಾಂಟ್ರ್ಯಾಕ್ಟ್ 6 ವರ್ಷ, ಮುಗಿಯುವಾಗ 43. ಫೈನಲ್‌ನಲ್ಲಿ ಆರು ಗೋಲು ಹೊಡೆದು ಕಪ್ ಗೆಲ್ಲಿಸಿದ್ದರು, ಬೆಲೆ ಜಾಸ್ತಿ ಇತ್ತು. ಒಟ್ಟು 3.15 ಕೋಟಿ. ಆರು ವರ್ಷಕ್ಕೆ ಹಂಚಿದಾಗ ಲೆಕ್ಕಕ್ಕೆ ಬರುವುದು ವರ್ಷಕ್ಕೆ 52.5 ಲಕ್ಷ ಮಾತ್ರ. ಗಮನಿಸಿ, 2012ರ ಪರೀಸೆ ಲೆಕ್ಕವೇ ಇದು. ವರ್ಷ ಎಳೆದು ಸರಾಸರಿ ಇಳಿಸುವುದು. ನಿಯಮದ ಒಳಗೇ ಇದೆ, ಮೊತ್ತ ಚಿಕ್ಕದು, ಸತತ ಎರಡು ಕಪ್ ಗೆದ್ದ ತಂಡ. ಹಾಗಾಗಿ ಫ್ಲೋರಿಡಾದ ಲೆಕ್ಕ ನನಗೆ ಅರ್ಥವಾಗುತ್ತದೆ, ಇನ್ನೊಂದು ಕಪ್ ಸಿಕ್ಕರೆ ಸಾಲ ತೀರಿದಂತೆ. ಅದೇ ಕಾಂಟ್ರ್ಯಾಕ್ಟನ್ನು ಪ್ಲೇಆಫ್‌ಗೆ ಬರಲು ಒದ್ದಾಡುವ ತಂಡ ಕೊಟ್ಟಿದ್ದರೆ ನಾನು ಅದನ್ನು ಆತ್ಮಹತ್ಯೆ ಅನ್ನುತ್ತಿದ್ದೆ.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಹೊಸ ಒಪ್ಪಂದ 2026ರ ಸೆಪ್ಟೆಂಬರ್‌ನಿಂದ ಜಾರಿಗೆ ಬರುತ್ತದೆ. ಅದರ ಪ್ರಕಾರ ಕಾಂಟ್ರ್ಯಾಕ್ಟಿನ ಮಿತಿ 8 ವರ್ಷ ಇದ್ದದ್ದು 7 ಆಗುತ್ತದೆ, 7 ವರ್ಷ ಇದ್ದದ್ದು 6 ಆಗುತ್ತದೆ. ಒಳ್ಳೆಯದೇ, ಆದರೆ ಒಂದು ವರ್ಷ ಕಡಿಮೆ ಮಾಡಿದರೆ ಸಾಲದು. ಹುಡುಗರಿಗೆ 22, 23ರಲ್ಲೇ ಸರಿಯಾದ ಸಂಬಳ ಸಿಗುವ ಹಾಗೆ ಆಗುವವರೆಗೆ 30ರಲ್ಲಿ ಬಾಕಿ ಕೇಳುವುದು ನಿಲ್ಲುವುದಿಲ್ಲ. ಆಟಗಾರರ ಸಂಘ ಜಗಳ ಆಡಬೇಕಾದ್ದು ಅಲ್ಲಿ.

ಮತ್ತೆ, ಆ ಹೊಸ ಮಿತಿ ಬರುವ ಮೊದಲೇ, 2025ರ ಸೆಪ್ಟೆಂಬರ್‌ನಲ್ಲಿ, ಮಿನೆಸೋಟಾ ಕಿರಿಲ್ ಕಪ್ರಿಜೋವ್‌ಗೆ 8 ವರ್ಷ 13.6 ಕೋಟಿ ಡಾಲರ್ ಬರೆದುಕೊಟ್ಟಿದೆ. ಲೀಗ್‌ನ ಇತಿಹಾಸದಲ್ಲೇ ಅಷ್ಟು ದೊಡ್ಡ ಮೊತ್ತ ಯಾರಿಗೂ ಸಿಕ್ಕಿರಲಿಲ್ಲ. ಅದು ಶುರುವಾಗುವಾಗ ಅವರಿಗೆ 29, ಮುಗಿಯುವಾಗ 37. ಪರೀಸೆ, ಸೂಟರ್ ಬೈಔಟ್‌ನ ಕೊನೆಯ ಕಂತುಗಳು 2029ರವರೆಗೂ ಇವೆ. ಕಪ್ರಿಜೋವ್ ಬಹಳ ಒಳ್ಳೆಯ ಆಟಗಾರ, ಬಿಟ್ಟಿದ್ದರೆ ಊರಿನವರು ಕ್ಷಮಿಸುತ್ತಿರಲಿಲ್ಲ. ಮೊದಲ ನಾಲ್ಕು ವರ್ಷದಲ್ಲಿ ಕಪ್ ಗೆದ್ದರೆ ಸರಿ. ಆ ನಾಲ್ಕು ವರ್ಷ ಕಳೆದ ಮೇಲೆ ಗೆಲ್ಲುತ್ತೇವೆ ಅಂತ ಕೂತರೆ, ಕೊನೆಯ ನಾಲ್ಕರ ಬಿಲ್ ಹೇಗಿರುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.